ಒಂದೇ ಬೆಂಕಿಗೆ ನಾಲ್ಕು ವೈರ್‌ಲೆಸ್

2020ರ ನವೆಂಬರ್ 10ರಂದು ಬೆಂಗಳೂರಿನ ಬಾಪೂಜಿನಗರಕ್ಕೆ ಹೊಂದಿಕೊಂಡಿರುವ ಹೊಸಗುಡ್ಡದಹಳ್ಳಿಯಲ್ಲಿ ರಾಸಾಯನಿಕ ಘಟಕವೊಂದಕ್ಕೆ ಬೆಂಕಿ ಬಿದ್ದು, ದಟ್ಟವಾದ ಕಪ್ಪುಹೊಗೆ ಮೈಸೂರು ರಸ್ತೆಯ ಆಕಾಶವನ್ನು ಕವಿಯಿತು. ಅದೇ ಮೈಸೂರು ರಸ್ತೆಯನ್ನು ಹಿಡಿದು ಮೈಸೂರು, ಗುಂಡ್ಲುಪೇಟೆಗಳನ್ನು ದಾಟಿದರೆ ಬಂಡೀಪುರ. ಅಲ್ಲಿ 2019ರ ಫೆಬ್ರುವರಿಯಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದುದನ್ನು ನಾವಾರೂ ಮರೆತಿಲ್ಲ. ನಗರದ ಗಲ್ಲಿಯ ಬೆಂಕಿಗೂ ಕಾಡಿನ ಬೆಂಕಿಗೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಎರಡೂ ಕಡೆ ಒಂದೇ ಸ್ಥಳಕ್ಕೆ ಹಲವು ಇಲಾಖೆಗಳು ಧಾವಿಸಬೇಕಾಗುತ್ತದೆ. ಪೊಲೀಸರದ್ದೊಂದು ವೈರ್‌ಲೆಸ್ ಜಾಲ, ಅಗ್ನಿಶಾಮಕ ದಳದ್ದು ಇನ್ನೊಂದು, ಅರಣ್ಯ ಇಲಾಖೆಯದ್ದು ಮತ್ತೊಂದು. ಒಬ್ಬರ ಸೆಟ್ಟಿನಲ್ಲಿ ಆಡಿದ ಮಾತು ಹತ್ತು ಮಾರು ದೂರದಲ್ಲಿ ನಿಂತ ಇನ್ನೊಬ್ಬರ ಸೆಟ್ಟಿಗೆ ತಲುಪುವುದಿಲ್ಲ.

ಇದರ ಕಾರಣವನ್ನು ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಹುದು. ಭದ್ರಾವತಿ ಆಕಾಶವಾಣಿಯನ್ನು ಮೀಡಿಯಂ ವೇವ್‌ನಲ್ಲಿ ಕೇಳಿಸುತ್ತಿದ್ದ ಅಜ್ಜನ ಕಾಲದ ರೇಡಿಯೋದಲ್ಲಿ ಎಷ್ಟು ತಿರುಪಿದರೂ ಎಫ್.ಎಂ. ಬರುತ್ತಿರಲಿಲ್ಲ. ಆ ಪೆಟ್ಟಿಗೆಯಲ್ಲಿ ಆ ಪಟ್ಟಿಯೇ ಇರಲಿಲ್ಲ. ವೈರ್‌ಲೆಸ್ ಸೆಟ್ಟುಗಳೂ ಹಾಗೆಯೇ. 150 ಮೆಗಾಹರ್ಟ್ಸ್ ಸುಮಾರಿನ ವಿ.ಎಚ್.ಎಫ್. ಅಲೆಯ ಉದ್ದ 2 ಮೀಟರ್, 450ರದ್ದು ಸುಮಾರು 67 ಸೆಂಟಿಮೀಟರ್, 800ರದ್ದು 37. ಆಂಟೆನಾ, ಒಳಗಿನ ಶೋಧಕ ಎಲ್ಲವೂ ಆಯಾ ಉದ್ದಕ್ಕೆ ತಕ್ಕಂತೆ ಕತ್ತರಿಸಿದವು. ಇನ್ನು ಒಂದೇ ಪಟ್ಟಿಯಲ್ಲಿದ್ದೂ ಚಾನೆಲ್ ಬೇರೆಯಾದರೆ ಅದು ತಂತ್ರಜ್ಞಾನದ ತೊಡಕಲ್ಲ, ಕಡತದ ತೊಡಕು. ಈ ಎರಡನ್ನೂ ಒಂದೇ ಮೂಟೆಗೆ ಕಟ್ಟಿ ‘ತಾಂತ್ರಿಕ ಸಮಸ್ಯೆ’ ಎಂದುಬಿಡುವುದು ನಮ್ಮ ಕಚೇರಿಗಳ ರೂಢಿ.

ಬಂಡೀಪುರದಲ್ಲಿ ಫೆಬ್ರುವರಿ 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ನೀರು ಸುರಿಯಲು ಬಂದವು. ವಿಮಾನಗಳ ನಾಗರಿಕ ಸಂಭಾಷಣೆ ನಡೆಯುವುದು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ, ಎ.ಎಂ. ಕ್ರಮದಲ್ಲಿ, ಸಾಮಾನ್ಯ ವಾಕಿಟಾಕಿ ಮಾತಾಡುವುದು ಎಫ್.ಎಂ. ಕ್ರಮದಲ್ಲಿ. ಮೇಲಿರುವ ಪೈಲಟ್‌ಗೆ ಬೆಂಕಿಯ ಮುಖ ಕಾಣುತ್ತದೆ. ಕೆಳಗೆ ಹಸಿಸೊಪ್ಪು ಹಿಡಿದು ಬಡಿಯುತ್ತಿರುವ ವಾಚರ್‌ಗೆ ತನ್ನ ಮುಂದಿನ ಹೊಗೆ ಮಾತ್ರ ಕಾಣುತ್ತದೆ. ಇವರಿಬ್ಬರ ನಡುವೆ ನೇರ ಮಾತಿನ ದಾರಿಯನ್ನು ಮುಂಚೆಯೇ ಕಲ್ಪಿಸದಿದ್ದರೆ, ಕಂಡವನ ತಿಳಿವಳಿಕೆ ಬೇಕಾದವನಿಗೆ ಒದಗುವುದಿಲ್ಲ.

ಇದರ ಬೆಲೆ ಎಷ್ಟೆಂಬುದನ್ನು ಜಗತ್ತು 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಕಂಡಿತು. ಉತ್ತರ ಗೋಪುರ ಹೆಚ್ಚು ಹೊತ್ತು ನಿಲ್ಲದೆಂದು ಪೊಲೀಸ್ ಹೆಲಿಕಾಪ್ಟರಿನಿಂದ ಎಚ್ಚರಿಕೆ ಬಂದಿತ್ತು. ಅದು ಪೊಲೀಸರ ಜಾಲದಲ್ಲಿ ಹರಿಯಿತು. ಒಳಗಿದ್ದ ಅಗ್ನಿಶಾಮಕರ ಸೆಟ್ಟುಗಳು ಆ ಜಾಲದಲ್ಲಿರಲಿಲ್ಲ. ಅಂದು ಆ ಇಲಾಖೆಯ 343 ಮಂದಿ ಮಡಿದರು. ಅಷ್ಟು ಸಿರಿವಂತ ನಗರದಲ್ಲಿ ಸೆಟ್ಟುಗಳಿಗೇನೂ ಕೊರತೆಯಿರಲಿಲ್ಲ.

ನಮ್ಮೂರಿನ ಮಾತಿಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಮ್ಮ ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬಿತ್ತು. ಕಾವಲಿನವರು ವಾಕಿಟಾಕಿ ಹಿಡಿದು ನೆತ್ತಿಯ ಮೇಲಿದ್ದರು. ಅಗ್ನಿಶಾಮಕ ವಾಹನ ಬಂದದ್ದು ಬೆಟ್ಟದ ಇನ್ನೊಂದು ಮಗ್ಗುಲಿಗೆ, ಬೇರೆ ಹಳ್ಳದ ಬುಡಕ್ಕೆ. ಮೊಬೈಲ್ ಸಿಗ್ನಲ್ ಎರಡೂ ಕಡೆ ಇರಲಿಲ್ಲ. ಕೊನೆಗೆ ಪಿಯುಸಿ ಓದುವ ಹುಡುಗನೊಬ್ಬ ಬೈಕಿನಲ್ಲಿ ಮೂರು ಸಲ ಹೋಗಿ ಬಂದು ದಾರಿ ತೋರಿಸಿದ. ಅಷ್ಟರಲ್ಲಿ ದರಗು ಪೂರ್ತಿ ಬೂದಿಯಾಗಿತ್ತು. ಮಣ್ಣಿನ ಕೆಲಸ ಮಾಡುವವನಾಗಿ ಹೇಳುವುದಾದರೆ, ದರಗು ಹೋದ ಇಳಿಜಾರಿನ ಮೇಲೆ ಮೊದಲ ಮಳೆಯ ಹನಿ ನೇರವಾಗಿ ಬಡಿಯುತ್ತದೆ. ಮೇಲ್ಮಣ್ಣು ಹಳ್ಳ ಸೇರುತ್ತದೆ. ಅಡಿಕೆ ತೋಟಕ್ಕೆ ಆ ವರ್ಷ ಸೊಪ್ಪಿಲ್ಲ. ಕಳೆದುಹೋದ ಆ ಒಂದು ಗಂಟೆಯ ಲೆಕ್ಕ ಯಾವ ಇಲಾಖೆಯ ವರದಿಯಲ್ಲೂ ಬರುವುದಿಲ್ಲ.

112 ಸಂಖ್ಯೆ ಬಂದಿದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಒಳ್ಳೆಯ ವ್ಯವಸ್ಥೆಯೇ. ಆದರೆ ಅದು ಕರೆ ಮಾಡಿದವನ ಮಾತನ್ನು ನಿಯಂತ್ರಣ ಕೊಠಡಿಗೆ ಮುಟ್ಟಿಸುವಂಥದು. ಸ್ಥಳಕ್ಕೆ ಬಂದ ಇಬ್ಬರು ಸಿಬ್ಬಂದಿ ಪರಸ್ಪರ ಮಾತಾಡುವುದಕ್ಕೆ ಅದು ಸಾಲದು. ಅಲ್ಲದೆ ಸಿಗ್ನಲ್ ಇಲ್ಲದ ಕಣಿವೆಯಿಂದ ಕರೆ ಮಾಡುವುದಾದರೂ ಹೇಗೆ? ಎಲ್ಲರಿಗೂ ಹೊಸ ಡಿಜಿಟಲ್ ಸೆಟ್ ಕೊಡಿಸಬೇಕೆಂಬ ವಾದವೂ ನನಗೆ ಒಪ್ಪಿಗೆಯಿಲ್ಲ. ಡಿಜಿಟಲ್‌ನಲ್ಲೂ ಹಲವು ಮಾನದಂಡಗಳಿವೆ. ಒಂದರ ಸೆಟ್ಟು ಇನ್ನೊಂದರ ಜೊತೆ ಮಾತಾಡದು. ಮೇಲಾಗಿ 800ರ ಅಲೆಗಳಿಗೆ ಗುಡ್ಡದ ಮರೆ ಹೆಚ್ಚು ಕಾಡುತ್ತದೆ. ಗುಡ್ಡದ ಅಂಚಿನಲ್ಲಿ ಬಾಗಿ ಇಳಿಯುವ ಗುಣ ವಿ.ಎಚ್.ಎಫ್.ಗೇ ಹೆಚ್ಚು. ಬಯಲಿನ ನಗರಕ್ಕೆ ಹೊಂದುವ ಯೋಜನೆಯನ್ನು ಹಾಗೆಯೇ ಘಟ್ಟಕ್ಕೆ ಹೇರಲಾಗದು.

ಆಗಬೇಕಾದದ್ದು ಹೆಚ್ಚು ಖರ್ಚಿನದಲ್ಲ. ಒಂದೇ ಪಟ್ಟಿಯ ಸೆಟ್ಟುಗಳಲ್ಲಿ ಎಲ್ಲ ಇಲಾಖೆಗಳಿಗೂ ಒಂದು ಸಮಾನ ಚಾನೆಲ್ಲನ್ನು ಅನುಮತಿ ಪಡೆದು ತುಂಬಿಡುವುದು. ಪಟ್ಟಿ ಬೇರೆಯಾದಲ್ಲಿ, ಎರಡು ಸೆಟ್ಟುಗಳ ಧ್ವನಿಯನ್ನು ಜೋಡಿಸಿ ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆಯೊಂದನ್ನು ತಾಲ್ಲೂಕು ಕೇಂದ್ರದಲ್ಲಿಡುವುದು. ಅದೂ ಆಗದಿದ್ದರೆ, ಸ್ಥಳಕ್ಕೆ ಬಂದೊಡನೆ ಪ್ರತಿ ತಂಡವೂ ತನ್ನದೊಂದು ಸೆಟ್ಟನ್ನು ಮತ್ತೊಂದು ತಂಡದ ಕೈಗೆ ಕೊಡುವುದು.

ಆದರೂ ಒಂದು ಗಂಟು ಉಳಿಯುತ್ತದೆ, ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಅರಣ್ಯದವರು ಬೀಟಿನ ಹೆಸರು ಹೇಳುತ್ತಾರೆ. ಪೊಲೀಸರು ಠಾಣೆಯ ಸರಹದ್ದು ಹೇಳುತ್ತಾರೆ. ಕಂದಾಯದವರು ಸರ್ವೆ ನಂಬರು. ಊರಿನವರು ಹಳ್ಳ, ಬನ, ಬ್ಯಾಣಗಳ ಹೆಸರು. ನಾಲ್ವರಿಗೂ ಪರಸ್ಪರ ಧ್ವನಿ ಕೇಳಿಸಿದರೂ ಜಾಗ ಯಾವುದೆಂದು ತಿಳಿಯದು. ಊರಿನವರ ಹೆಸರುಗಳನ್ನು ಬರೆದ ನಕ್ಷೆಯೊಂದು ನಾಲ್ವರ ಬಳಿಯೂ ಇರಬೇಕು. ಅದನ್ನು ತಯಾರಿಸಬಲ್ಲವರು ನಾವು, ಬೆಂಗಳೂರಿನ ಕಚೇರಿಗಳಲ್ಲ.

ಬೆಂಕಿರೇಖೆ ಕಡಿಯುವ ಕೆಲಸ ಆರಂಭವಾಗುವ ಮುನ್ನ ನಮ್ಮ ಪಂಚಾಯಿತಿಯ ಶಾಲಾ ಮಕ್ಕಳೊಡನೆ ಇಂಥ ನಕ್ಷೆ ಬರೆಯಲು ಕುಳಿತುಕೊಳ್ಳುತ್ತಿದ್ದೇವೆ. ಬೇರೆ ಊರಿನ ಬಳಗದವರೂ ಬರೆದು, ಗ್ರಾಮಸಭೆಯಲ್ಲಿ ಮಂಡಿಸಿ, ಸಮಾನ ಚಾನೆಲ್ ಯಾವುದೆಂಬ ಪ್ರಶ್ನೆಯನ್ನೂ ಅದರೊಡನೆ ತಹಶೀಲ್ದಾರರಿಗೆ ಲಿಖಿತವಾಗಿ ಕೊಡಿ. ಬಂದ ಉತ್ತರವನ್ನು ಈ ಪತ್ರಿಕೆಗೆ ಕಳುಹಿಸಿ.