ರುಜು ಹಾಕಿಸಿಕೊಂಡರೆ ಒಪ್ಪಿಗೆಯಾಗದು

2024ರ ಏಪ್ರಿಲ್‌ನಲ್ಲಿ ಚೆನ್ನೈನ ಪಮ್ಮಲ್‌ನ ಖಾಸಗಿ ಆಸ್ಪತ್ರೆಯೊಂದಕ್ಕೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆಂದು ಸೇರಿದ ಪುದುಚೇರಿಯ 26 ವರ್ಷದ ಯುವಕ ಉಳಿಯಲಿಲ್ಲ. ಸರ್ಕಾರ ವಿಚಾರಣೆ ನಡೆಸಿ ಆಸ್ಪತ್ರೆಯ ನೋಂದಣಿ ಅಮಾನತು ಮಾಡಿತು. 2016ರಲ್ಲಿ ಅದೇ ನಗರದಲ್ಲಿ ಕೂದಲು ಕಸಿಯ ನಂತರ ತೀರಿಕೊಂಡವನು ಮದ್ರಾಸ್ ಮೆಡಿಕಲ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ಎರಡು ಸಲವೂ ಗದ್ದಲವೆದ್ದಿತು. ನನ್ನ ಪ್ರಶ್ನೆ ಒಂದೇ: ಅನಸ್ತೇಶಿಯಾ ಕೊಟ್ಟು ಮತ್ತು ಬರಿಸುವ ಮುಂಚೆ ಆ ಹುಡುಗರಿಗೆ ಅದರ ಬಗ್ಗೆ ಯಾರು, ಏನು ಹೇಳಿದ್ದರು?

ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದು ಎಲ್ಲರಿಗೂ ಗೊತ್ತು. ಇಂಗ್ಲಿಷ್ ಫಾರಂ ಬರುತ್ತದೆ, ನರ್ಸ್ ಪೆನ್ನಿನ ತುದಿಯಿಂದ ಜಾಗ ತೋರಿಸುತ್ತಾರೆ, ಮಗನೋ ಗಂಡನೋ ರುಜು ಹಾಕುತ್ತಾರೆ. ಅನಸ್ತೇಶಿಯಾ ಡಾಕ್ಟರ ಮುಖ ಕಾಣುವುದು ಥಿಯೇಟರಿನ ಟೇಬಲ್ ಮೇಲೆ ಮಲಗಿದ ಮೇಲೆ. ಕರ್ನಾಟಕದಿಂದ ಚೆನ್ನೈಗೆ ಹೋದವರಿಗಂತೂ ಫಾರಮ್ಮೂ ತಿಳಿಯದು, ತಮಿಳೂ ತಿಳಿಯದು.

ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ದೆಹಲಿಯ ಆ ಮಹಿಳೆ ಒಪ್ಪಿದ್ದು ಲ್ಯಾಪರೋಸ್ಕೋಪಿ ಪರೀಕ್ಷೆಗೆ. ಅವರು ಪ್ರಜ್ಞೆ ತಪ್ಪಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ತೀರ್ಪು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಕರ್ನಾಟಕ ಹೈಕೋರ್ಟಿನಲ್ಲಿದ್ದವರು. ಸ್ವತಃ ನಿರ್ಧರಿಸಬಲ್ಲ ವಯಸ್ಕ ರೋಗಿಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಸಲ್ಲದು, ವಿಧಾನ, ಅಪಾಯ, ಪರ್ಯಾಯ ಎಲ್ಲವನ್ನೂ ರೋಗಿಗೆ ತಿಳಿಸಿರಬೇಕು ಎಂದರು. ಪರಿಹಾರ ಮಾತ್ರ 25 ಸಾವಿರ ರೂಪಾಯಿ!

ಹೇಳಿದರೆ ರೋಗಿ ಹೆದರುತ್ತಾರೆ ಎನ್ನುವ ವೈದ್ಯರಿದ್ದಾರೆ. ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ಎಂದು ಆ ತೀರ್ಪು ಹೇಳಿಲ್ಲ. ಅಷ್ಟಕ್ಕೂ ಈ ಮಾತುಕತೆ ವೈದ್ಯರಿಗೂ ಬೇಕಾದದ್ದು. ಶಸ್ತ್ರಚಿಕಿತ್ಸೆಗೆ ಮುಂಚೆ 'ಏನೂ ತಿನ್ನಬೇಡಿ' ಎಂದಷ್ಟೇ ಹೇಳಿದರೆ ನಮ್ಮ ಹೆಂಗಸರು ಬೆಳಿಗ್ಗೆ ಒಂದು ಲೋಟ ಹಾಲು ಹಾಕಿದ ಕಾಫಿ ಕುಡಿದೇ ಬರುತ್ತಾರೆ. ಕಾಫಿ ಅವರ ಲೆಕ್ಕದಲ್ಲಿ ತಿಂಡಿಯಲ್ಲ. ಆದರೆ ಹಾಲು ಕುಡಿದ ಮೇಲೆ ಮತ್ತು ಕೊಡಲು ಆರು ಗಂಟೆ ಬಿಡಬೇಕು. ಮತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಅಲ್ಲಾಡುವ ಹಲ್ಲು, ಗೊರಕೆ, ರಕ್ತ ತೆಳುವಾಗಿಸುವ ಮಾತ್ರೆ, ಹಿಂದೊಮ್ಮೆ ಮತ್ತು ಕೊಟ್ಟಾಗ ಆದ ತೊಂದರೆ ಇವೆಲ್ಲ ಕೂತು ಕೇಳಿದರೆ ಮಾತ್ರ ಹೊರಬರುತ್ತವೆ.

ತುರ್ತು ಪ್ರಕರಣಗಳ ಮಾತು ಬೇರೆ. ದಿನ ಗೊತ್ತುಮಾಡಿ ನಡೆಸುವ ಶಸ್ತ್ರಚಿಕಿತ್ಸೆಗೆ ಯಾವ ನೆಪವೂ ಬೇಡ. ಹಿಂದಿನ ದಿನವೇ ಅನಸ್ತೇಶಿಯಾ ಡಾಕ್ಟರು ರೋಗಿಯ ಜೊತೆ ರೋಗಿಯ ಭಾಷೆಯಲ್ಲಿ ಮಾತಾಡಬೇಕು, ಇಲ್ಲವೇ ದುಭಾಷಿಯನ್ನು ಕರೆಸಬೇಕು. ತಮಿಳುನಾಡು ಸರ್ಕಾರ ಇದನ್ನು ಆಸ್ಪತ್ರೆಗಳ ನೋಂದಣಿಗೆ ಷರತ್ತಾಗಿಸಲಿ, ಕರ್ನಾಟಕವೂ ಮಾಡಲಿ. ಅಲ್ಲಿಯವರೆಗೆ, ಓದುಗರೇ, ಅನಸ್ತೇಶಿಯಾ ಡಾಕ್ಟರು ಬಂದು ಮಾತಾಡುವ ತನಕ ರುಜು ಹಾಕಬೇಡಿ.