ಆರನೇ ದಿನದ ಜ್ವರ

'ಆಪರೇಷನ್ ಚೆನ್ನಾಗಿ ಆಯ್ತು' ಅಂತ ಫ್ಯಾಮಿಲಿ ಗ್ರೂಪ್‌ಗೆ ಮೆಸೇಜ್ ಹಾಕಿದ್ದು ನಾನೇ. ಬಂಟ್ವಾಳದ ಅತ್ತೆ, ಮೂಡುಬಿದಿರೆಯ ಚಿಕ್ಕಪ್ಪ ಎಲ್ಲ ಕೈಮುಗಿಯುವ ಇಮೋಜಿ ಕಳಿಸಿದರು. ಬೆಳ್ತಂಗಡಿಯ ದೊಡ್ಡಪ್ಪನಿಗೆ ಅನ್ನನಾಳದ ಕ್ಯಾನ್ಸರ್. ಮಂಗಳೂರಿನಲ್ಲಿ ಮೊದಲು ಕೀಮೋ, ರೇಡಿಯೇಷನ್. ಕೆಲವು ವಾರ ಬಿಟ್ಟು ಆಪರೇಷನ್. ಆರನೇ ದಿನ ಜ್ವರ, ಏದುಸಿರು. ಪುನಃ ಐಸಿಯು.

"ಗಡ್ಡೆ ತೆಗೆದಾಯ್ತಲ್ಲ ಮಗಾ, ಇದೆಂತ ಹೊಸತು?" ಅಂತ ದೊಡ್ಡಮ್ಮ ಕೇಳಿದರು. ನನಗೂ ಗೊತ್ತಿರಲಿಲ್ಲ.

ಈ ಆಪರೇಷನ್‌ನಲ್ಲಿ ಅನ್ನನಾಳದ ಹೆಚ್ಚಿನ ಭಾಗ ತೆಗೆದು, ಜಠರವನ್ನೇ ಕೊಳವೆಯ ಹಾಗೆ ಮಾಡಿ ಮೇಲಕ್ಕೆ ಎಳೆದು, ಎದೆಯಲ್ಲೋ ಕತ್ತಿನಲ್ಲೋ ಜೋಡಿಸುತ್ತಾರೆ. ಅಷ್ಟು ದೂರ ಎಳೆದ ತುದಿಗೆ ರಕ್ತ ಸರಿಯಾಗಿ ಹೋಗದಿದ್ದರೆ ಜೋಡಿಸಿದ ಜಾಗ ಲೀಕ್ ಆಗುತ್ತದೆ. ಎದೆ ನೋವಿಗೆ ಕೆಮ್ಮಲಾಗದೆ ಕಫ ಒಳಗೇ ಉಳಿದರೆ ನ್ಯುಮೋನಿಯಾ. ದೊಡ್ಡಪ್ಪನಿಗೆ ಎರಡೂ ಆಗಿತ್ತು.

ಇದು ಅಪರೂಪವೂ ಅಲ್ಲ. 14 ದೇಶಗಳ 24 ದೊಡ್ಡ ಆಸ್ಪತ್ರೆಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರರಲ್ಲಿ 59 ಜನರಿಗೆ ಏನಾದರೊಂದು ತೊಡಕು. ನ್ಯುಮೋನಿಯಾ ಸುಮಾರು 15 ಜನರಿಗೆ, ಲೀಕ್ 11 ಜನರಿಗೆ. 90 ದಿನಗಳೊಳಗೆ ತೀರಿಕೊಂಡವರು ನೂರಕ್ಕೆ 4.5.

ಮನೆಯವರು ಕೇಳಲು ಹೆದರುವ ಪ್ರಶ್ನೆ ಅದರಾಚೆಯದು: ಐಸಿಯುನಿಂದ ಬದುಕಿ ಬಂದವರ ಆಯುಷ್ಯಕ್ಕೂ ಇದರಿಂದ ಪೆಟ್ಟು ಬೀಳುತ್ತದಾ? ತೀವ್ರ ಲೀಕ್ ಆದವರಲ್ಲಿ ಕ್ಯಾನ್ಸರ್ ಮರಳುವುದು ಹೆಚ್ಚು, ಬದುಕುಳಿಯುವ ಕಾಲವೂ ಕಡಿಮೆ ಅಂತ 2015ರ ಫ್ರಾನ್ಸಿನ ದೊಡ್ಡ ಅಧ್ಯಯನವೊಂದು ಹೇಳಿತು. ಮೊದಲ ಮೂರು ತಿಂಗಳು ದಾಟಿದರೆ ವ್ಯತ್ಯಾಸ ಕಾಣುವುದಿಲ್ಲ ಅಂದ ಅಧ್ಯಯನಗಳೂ ಇವೆ. ದೇಹದಲ್ಲಿ ವಾರಗಟ್ಟಲೆ ಉಳಿಯುವ ಉರಿಯೂತ, ಸೊರಗಿದ ಮೈ, ಮುಂದಿನ ಚಿಕಿತ್ಸೆ ತಡವಾಗುವುದು, ಇವು ಕಾರಣವಿರಬಹುದು ಅಂತ ವೈದ್ಯರ ಊಹೆ. ಸಣ್ಣ ಲೀಕ್ ಆದರೆ ಎಷ್ಟೋ ಸಲ ಡ್ರೈನ್, ಆಂಟಿಬಯಾಟಿಕ್, ಟ್ಯೂಬಿನ ಆಹಾರದಲ್ಲೇ ವಾಸಿಯಾಗುತ್ತದೆ. ಬೇಗ ಗೊತ್ತಾಗಬೇಕು, ಅಷ್ಟೇ. ದೊಡ್ಡಪ್ಪ ಮಾತ್ರ "ಸುಮ್ಮನೆ ಡಾಕ್ಟ್ರಿಗೆ ಯಾಕೆ ಉಪದ್ರ" ಅಂತ ಹಿಂದಿನ ರಾತ್ರಿಯ ಚಳಿಯನ್ನು ನರ್ಸಿಗೆ ಹೇಳಿರಲೇ ಇಲ್ಲ! ಪಕ್ಕದಲ್ಲೇ ಮೊಬೈಲ್ ನೋಡುತ್ತಾ ಕೂತಿದ್ದ ನಾನೂ ಕೇಳಿರಲಿಲ್ಲ.

ಆಪರೇಷನ್ನಿಗೆ ಮೊದಲೂ ಮನೆಯವರ ಕೈಯಲ್ಲಿ ಕೆಲಸ ಉಂಟು. ಉಸಿರೆಳೆದು ಮೂರು ಚೆಂಡು ಮೇಲೇರಿಸುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟಿರುತ್ತಾರಲ್ಲ, ನಮ್ಮದು ಕವರಿನಲ್ಲೇ ಇತ್ತು. ಅದನ್ನು ದಿನಾ ಮಾಡಿಸಬೇಕು, ನಡೆಸಬೇಕು, ತೂಕ ಇಳಿಯದ ಹಾಗೆ ನೋಡಬೇಕು. ಬೀಡಿ ಬಿಡಿಸುವುದು ಎಲ್ಲಕ್ಕಿಂತ ಕಷ್ಟ. ಬೀಡಿ ಕಟ್ಟಿ, ಅಡಿಕೆ ಬೆಳೆದು ಉಂಡ ಊರು ನಮ್ಮದು. ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಂಗಳದಲ್ಲಿ ಅಡಿಕೆ ಒಣಗುವಾಗ ದೊಡ್ಡಪ್ಪನ ಹತ್ತಿರ ಆ ಮಾತು ತೆಗೆಯುವುದು ಹೇಗೆ ಮಾರಾಯ್ರೇ?

ಐದು ವಾರದ ನಂತರ ಮನೆಗೆ ಬಂದರು. ಈಗ ಎರಡು ಗಂಟೆಗೊಮ್ಮೆ ಸಣ್ಣ ಬಟ್ಟಲು ಗಂಜಿ; ಉಂಡ ಕೂಡಲೇ ಮಲಗುವ ಹಾಗಿಲ್ಲ, ರಾತ್ರಿಯೂ ತಲೆ ಎತ್ತರದಲ್ಲೇ ಇರಬೇಕು. ಸ್ಕ್ಯಾನ್ ಮುಂದಿನ ತಿಂಗಳು. ಗ್ರೂಪಿನಲ್ಲಿ ಅತ್ತೆ ದಿನಾ ಕೇಳುತ್ತಾರೆ, ನಾನು ತೂಕ ಬರೆಯುತ್ತೇನೆ. ಇವತ್ತು 46 ಕೆ.ಜಿ., ಹೋದ ವಾರಕ್ಕಿಂತ ಅರ್ಧ ಕೆ.ಜಿ. ಹೆಚ್ಚು.