ಕೀಳುವ ಮೊದಲು ಒತ್ತಬೇಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬಲ್ಲವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಒಣಗಿ ಬಿಗಿದ ನೆಲದಲ್ಲಿ ಗಿಡವನ್ನು ಹಿಡಿದು ಜಗ್ಗಿದರೆ ಗಿಡವಷ್ಟೇ ಕೈಗೆ ಬರುತ್ತದೆ. ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಮಳೆ ಬಿದ್ದು ಮಣ್ಣು ಸಡಿಲವಾದರೆ ಅದೇ ಗಿಡ ಕಾಯಿಸಮೇತ ಮೇಲೇಳುತ್ತದೆ. ಹಲ್ಲು ಕೀಳುವ ವಿದ್ಯೆಯ ಗುಟ್ಟೂ ಇದೇ.

ಹಲ್ಲು ದವಡೆಯ ಎಲುಬಿಗೆ ಅಂಟಿಕೊಂಡಿಲ್ಲ. ಅದರ ಬೇರು ಎಲುಬಿನ ಕುಳಿಯೊಳಗೆ ಕುಳಿತಿರುತ್ತದೆ. ಎರಡರ ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ಸಂದು. ಅಲ್ಲಿರುವ ಅಸಂಖ್ಯ ಸೂಕ್ಷ್ಮ ತಂತುಗಳೇ ಹಲ್ಲನ್ನು ಹಿಡಿದಿಟ್ಟಿರುವುದು. ಆದ್ದರಿಂದ ದಂತವೈದ್ಯರು ಇಕ್ಕಳ ಹಾಕಿದೊಡನೆ ಎಳೆಯುವುದಿಲ್ಲ. ಮೊದಲು ಬೇರಿನ ಕಡೆಗೆ ಒತ್ತುತ್ತಾರೆ. ಕುರ್ಚಿಯಲ್ಲಿ ಕುಳಿತವರಿಗೆ ಇದರಿಂದ ಗಾಬರಿಯಾಗುವುದುಂಟು. ಆದರೆ ಇಕ್ಕಳದ ತುದಿ ಬೆಣೆಯಂತೆ ಸಂದಿನೊಳಗೆ ಇಳಿಯುವುದು ಆಗಲೇ. ಹಿಡಿತ ಆಳವಾದಷ್ಟೂ ಬೇರು ಮುರಿಯುವ ಭಯ ಕಡಿಮೆ. ಅನಂತರ ಹಲ್ಲನ್ನು ಕೆನ್ನೆಯ ಕಡೆಗೊಮ್ಮೆ, ನಾಲಿಗೆಯ ಕಡೆಗೊಮ್ಮೆ ನಿಧಾನವಾಗಿ ಬಾಗಿಸುತ್ತಾರೆ. ಎಲುಬು ತುಸು ಹಿಗ್ಗಿ ಕುಳಿ ಅಗಲವಾಗುತ್ತದೆ; ತಂತುಗಳು ಹರಿಯುತ್ತವೆ. ಮೇಲಿನ ನಡುಹಲ್ಲಿಗೆ ಶಂಕುವಿನಾಕಾರದ ಒಂದೇ ಬೇರು. ಅದನ್ನು ತಿರುಗಿಸಿಯೂ ಸಡಿಲಿಸಬಹುದು. ಮೇಲಿನ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು; ಅದನ್ನು ತಿರುಚಿದರೆ ಬೇರು ಮುರಿದೀತು. ಎಳೆಯುವುದು ಕಟ್ಟಕಡೆಯ, ಅತಿ ಹಗುರವಾದ ಕೆಲಸ.

ಹಿಂದೆ ಯೂರೋಪಿನಲ್ಲಿ ಕೀಲಿಕೈಯಂಥ ಉಪಕರಣವನ್ನು ಹಲ್ಲಿಗೆ ಸಿಕ್ಕಿಸಿ ತಿರುಚುತ್ತಿದ್ದರು. ಹಲ್ಲಿನೊಡನೆ ಎಲುಬೂ ಮುರಿಯುತ್ತಿದ್ದುದುಂಟು. 1841ರಲ್ಲಿ ಇಂಗ್ಲೆಂಡಿನ ಜಾನ್ ಟೋಮ್ಸ್, ಹಲ್ಲಿನ ಕತ್ತಿನ ಆಕಾರಕ್ಕೆ ಹೊಂದುವ ಇಕ್ಕಳಗಳನ್ನು ವಿವರಿಸಿದನು. ತೋಳ್ಬಲದ ಸ್ಥಾನಕ್ಕೆ ತಿಳಿವಳಿಕೆ ಬಂದಿತು.

ಕೀಳಲು ಇಷ್ಟು ಜಾಣ್ಮೆ ಬೇಕೆಂಬುದೇ ಹಲ್ಲು ಎಷ್ಟು ಭದ್ರವಾಗಿ ನೆಟ್ಟಿದೆಯೆಂಬುದಕ್ಕೆ ಸಾಕ್ಷಿ. ಆದುದರಿಂದ ಕೀಳಿಸುವ ಕಾರಣವೂ ಅಷ್ಟೇ ಗಟ್ಟಿಯಾಗಿರಬೇಕು. ಈ ಸೀಮೆಯಲ್ಲಿ, ವಿಶೇಷವಾಗಿ ಪಾವಗಡ ತಾಲ್ಲೂಕಿನಲ್ಲಿ, ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಕಂಡವರು ಅದನ್ನು ಹುಳುಕೆಂದು ಭಾವಿಸಬಹುದು. ಮದುವೆಯ ಮಾತು ಬಂದಾಗ ಹೆಣ್ಣುಮಕ್ಕಳು ನಗಲೂ ಹಿಂಜರಿಯಬಹುದು. ಆದರೆ ಕಲೆಯಿರುವುದು ಹಲ್ಲಿನ ಹೊರಪದರದಲ್ಲಿ. ಕಲೆಯೊಂದೇ ಹಲ್ಲು ಕೀಳಿಸಲು ಕಾರಣವಲ್ಲ. ಅದನ್ನು ತಿಳಿಯಾಗಿಸುವ, ಮರೆಮಾಡುವ ಉಪಾಯಗಳು ದಂತವೈದ್ಯರಲ್ಲಿವೆ.

ಇನ್ನು ತಾಯಂದಿರು ನೆನಪಿಡಬೇಕಾದ ಮಾತೊಂದುಂಟು. ಮುಂದಿನ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವುದು ಮಗುವಿಗೆ ಸುಮಾರು 8 ವರ್ಷ ತುಂಬುವುದರೊಳಗೆ. ಫ್ಲೋರೈಡ್ ಕಲೆಗೆ ಬೀಜ ಬೀಳುವುದೂ ಆ ವಯಸ್ಸಿನಲ್ಲೇ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಬತ್ತಿದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಶುದ್ಧೀಕರಣ ಘಟಕದ ನೀರನ್ನೋ ಸಂಗ್ರಹಿಸಿಟ್ಟ ಶುಚಿಯಾದ ಮಳೆನೀರನ್ನೋ ಮನೆಯಲ್ಲಿ ಮೊದಲು ಮಕ್ಕಳ ಲೋಟಕ್ಕೆ ಮೀಸಲಿಡುವುದು ಲೇಸು.